ಗರ್ಭದಲ್ಲಿ ಕಣ್ಣು ಮೂಡುವ ಬಗೆ: ಬಣ್ಣದ ಪೆನ್ಸಿಲ್ ಹಿಡಿದು ಕಲಿಯಿರಿ

ಕಣ್ಣಿನ ಭ್ರೂಣಶಾಸ್ತ್ರವನ್ನು ಉರು ಹೊಡೆಯಲು ಹೋದವರು ಎರಡನೇ ಪುಟಕ್ಕೇ ಸುಸ್ತಾಗುತ್ತಾರೆ. ಯಾವ ಭಾಗ ಯಾವ ಪದರದಿಂದ ಬಂತು ಅನ್ನುವ ಉದ್ದನೆಯ ಪಟ್ಟಿ. ಪರೀಕ್ಷೆ ಮುಗಿದ ಮರುದಿನ ಒಂದೂ ನೆನಪಿರುವುದಿಲ್ಲ. ತಪ್ಪು ಓದುವವರದ್ದಲ್ಲ, ಪಟ್ಟಿಯದ್ದು. ಕಣ್ಣು ಮಡಚಿಕೊಂಡು ಆಗುವ ಅಂಗ. ಎಲ್ಲಿ ಮಡಚಿತು, ಯಾವ ಪದರ ಯಾವುದರ ಹಿಂದೆ ಹೋಯಿತು, ಯಾವ ಸೀಳು ಎಲ್ಲಿ ಮುಚ್ಚಿತು ಅಂತ ಒಮ್ಮೆ ಕೈಯಾರೆ ಬರೆದು ನೋಡಿದರೆ ಪಟ್ಟಿಯ ಮುಕ್ಕಾಲು ಭಾಗ ತಾನಾಗಿಯೇ ಬರುತ್ತದೆ. ಹುಟ್ಟುತ್ತಲೇ ಬರುವ ಕಣ್ಣಿನ ದೋಷಗಳು ಯಾಕೆ ಆ ಜಾಗದಲ್ಲೇ ಬರುತ್ತವೆ ಅನ್ನುವುದೂ ತಿಳಿಯುತ್ತದೆ.

ಬಯಾಲಜಿ, ನರ್ಸಿಂಗ್, ಆಪ್ಟೊಮೆಟ್ರಿ ಓದುವವರಿಗೆ ಇದು ನೇರವಾಗಿ ಉಪಯೋಗ. ಮಗುವಿನ ಕಣ್ಣಿನ ರಿಪೋರ್ಟ್ ಕೈಯಲ್ಲಿ ಹಿಡಿದು ತಲೆ ಕೆಡಿಸಿಕೊಂಡಿರುವ ಅಪ್ಪ ಅಮ್ಮಂದಿರಿಗೂ ಕೆಲಸಕ್ಕೆ ಬರುತ್ತದೆ.

ಶುರು ಮಾಡುವ ಮೊದಲು

ಒಂದು ಬಿಳಿ ಹಾಳೆಯ ಪುಸ್ತಕ, ನೀಲಿ, ಕೆಂಪು, ಹಳದಿ ಬಣ್ಣದ ಪೆನ್ಸಿಲ್, ಒಂದು ಮಾಮೂಲಿ ಸೀಸದ ಪೆನ್ಸಿಲ್. ಸಾಕು.

ನೀಲಿ ಅಂದರೆ ಮೆದುಳಾಗಲಿರುವ ನರದ ಪದರ. ಕೆಂಪು ಅಂದರೆ ಮೇಲಿನ ಚರ್ಮವಾಗಲಿರುವ ಪದರ. ಹಳದಿ ಅಂದರೆ ನ್ಯೂರಲ್ ಕ್ರೆಸ್ಟ್ ಜೀವಕೋಶಗಳು. ನರನಾಳದ ಅಂಚಿನಿಂದ ಕಳಚಿಕೊಂಡು ದೇಹದ ತುಂಬಾ ಅಲೆಯುವ ಜೀವಕೋಶಗಳಿವು. ಕಣ್ಣಿನಲ್ಲಿ ಇವುಗಳ ಪಾಲು ಜನ ಅಂದುಕೊಂಡಿರುವುದಕ್ಕಿಂತ ಜಾಸ್ತಿ. ಸೀಸದ ಪೆನ್ಸಿಲ್ ಮೀಸೋಡರ್ಮ್‌ಗೆ, ಅಂದರೆ ರಕ್ತನಾಳದ ಒಳಪದರ ಮತ್ತು ಕಣ್ಣನ್ನು ಆಚೀಚೆ ತಿರುಗಿಸುವ ಸ್ನಾಯುಗಳಿಗೆ. ಅದರ ಕೆಲಸ ಕಡಿಮೆ.

ಇನ್ನೊಂದು ವಿಷಯ, ಕ್ಯಾಲೆಂಡರ್. ಭ್ರೂಣಶಾಸ್ತ್ರದ ಪುಸ್ತಕ ಗರ್ಭ ಕಟ್ಟಿದ ದಿನದಿಂದ ಎಣಿಸುತ್ತದೆ. ಡಾಕ್ಟರು ಮತ್ತು ಸ್ಕ್ಯಾನ್ ರಿಪೋರ್ಟ್ ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತವೆ. ಎರಡಕ್ಕೂ ಸುಮಾರು 2 ವಾರ ವ್ಯತ್ಯಾಸ. ಪುಸ್ತಕದ 4ನೇ ವಾರ ಅಂದರೆ ಆಸ್ಪತ್ರೆಯ ಲೆಕ್ಕದಲ್ಲಿ 6ನೇ ವಾರ. ಇದೊಂದು ಗೊತ್ತಿಲ್ಲದೆ ಎರಡು ಕಡೆಯ ಅಂಕಿ ಹೋಲಿಸಿ ಗಾಬರಿಯಾಗುವವರು ಬಹಳ. ಹಂತ 7ರವರೆಗೆ ಇಲ್ಲಿ ಕೊಡುವ ದಿನ, ವಾರಗಳೆಲ್ಲ ಗರ್ಭ ಕಟ್ಟಿದ ದಿನದಿಂದ. ಕೊನೆಯ ತಿಂಗಳುಗಳ ವಿಷಯಕ್ಕೆ ಬಂದಾಗ ಆಸ್ಪತ್ರೆಯ ಲೆಕ್ಕಕ್ಕೆ ಹೊರಳುತ್ತೇನೆ, ಯಾಕೆಂದರೆ ದಿನ ತುಂಬದೆ ಹುಟ್ಟುವ ಮಕ್ಕಳ ಮಾತೆಲ್ಲ ಆ ಲೆಕ್ಕದಲ್ಲೇ ನಡೆಯುವುದು.

ಹಂತ 1: ಒಂದು ಕಣ್ಣಿನ ಜಾಗ, ಆಮೇಲೆ ಎರಡು

ಮೊದಲ ಚಿತ್ರ ಸುಲಭ. ಭ್ರೂಣದ ತಲೆಯ ಕಡೆಯ ನರಪದರವನ್ನು ಮೇಲಿನಿಂದ ನೋಡಿದ ಹಾಗೆ ಒಂದು ನೀಲಿ ಹಲಗೆ ಬರೆಯಿರಿ. ಅದರ ನಟ್ಟನಡುವೆ, ಮುಂದಿನ ಅಂಚಿಗೆ ಹತ್ತಿರ, ಅಡ್ಡಕ್ಕೆ ಒಂದು ಪಟ್ಟೆ ಗುರುತು ಮಾಡಿ. ಕಣ್ಣಾಗುವ ಜಾಗ ಇದು. ಗಮನಿಸಿ, ಶುರುವಿನಲ್ಲಿ ಜಾಗ ಒಂದೇ, ಎರಡಲ್ಲ.

ಈ ಪಟ್ಟೆಯ ನಡುಭಾಗದ ಕೆಳಗಿರುವ ಅಂಗಾಂಶ ಸೋನಿಕ್ ಹೆಜ್‌ಹಾಗ್ ಅನ್ನುವ ಪ್ರೋಟೀನನ್ನು ಹೊರಬಿಡುತ್ತದೆ. ಅದು ತಾಗಿದ ನಡುಭಾಗ ಕಣ್ಣಾಗುವ ಗುಣ ಬಿಟ್ಟುಕೊಡುತ್ತದೆ. ಉಳಿಯುವುದು ಎಡಕ್ಕೊಂದು, ಬಲಕ್ಕೊಂದು. ಈ ಸೂಚನೆ ಸಿಗದೇ ಹೋದರೆ ಪಟ್ಟೆ ಒಡೆಯುವುದೇ ಇಲ್ಲ, ಮುಖದ ನಡುವೆ ಒಂದೇ ಕಣ್ಣು ಮೂಡುತ್ತದೆ. ಮೆದುಳಿನ ಮುಂಭಾಗವೂ ಎರಡಾಗಿರುವುದಿಲ್ಲ. ಬಹಳ ಅಪರೂಪದ, ಬದುಕಿ ಉಳಿಯಲಾಗದ ದೋಷ ಅದು.

ಈ ಪಟ್ಟೆಯಲ್ಲಿ ಕೆಲಸ ಮಾಡುವ ಜೀನ್‌ಗಳಲ್ಲಿ ಒಂದರ ಹೆಸರು ಹಾಳೆಯ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ: ಪ್ಯಾಕ್ಸ್-6. 1995ರಲ್ಲಿ ಸ್ವಿಟ್ಜರ್ಲೆಂಡಿನ ವಾಲ್ಟರ್ ಗೆಹರಿಂಗ್ ಅವರ ತಂಡ ಹಣ್ಣಿನ ನೊಣದಲ್ಲಿ ಇದೇ ಬಗೆಯ ಜೀನನ್ನು ಕಾಲು, ರೆಕ್ಕೆಗಳಲ್ಲಿ ಚಾಲೂ ಮಾಡಿತು. ಕಾಲಿನ ಮೇಲೆ ಕಣ್ಣು ಮೂಡಿತು! ಇಲಿಯ ಜೀನ್ ಹಾಕಿದರೂ ಮೂಡಿತು, ಆದರೆ ಮೂಡಿದ್ದು ಇಲಿಯ ಕಣ್ಣಲ್ಲ, ನೊಣದ್ದೇ ಕಣ್ಣು. ಜೀನ್ ಹೇಳುವುದು "ಇಲ್ಲಿ ಕಣ್ಣು ಮಾಡು" ಅಂತ ಮಾತ್ರ. ಎಂಥ ಕಣ್ಣು ಅನ್ನುವುದು ಆಯಾ ಪ್ರಾಣಿಗೆ ಬಿಟ್ಟ ವಿಷಯ. ಮನುಷ್ಯರಲ್ಲಿ ಈ ಜೀನಿನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಸಾಕು, ಐರಿಸ್, ಅಂದರೆ ಪಾಪೆಯ ಸುತ್ತಲಿನ ಬಣ್ಣದ ಭಾಗ, ಪೂರ್ತಿ ಬೆಳೆಯುವುದಿಲ್ಲ. ಅನಿರಿಡಿಯಾ ಅನ್ನುವುದು ಇದಕ್ಕೇ.

ಹಂತ 2: ಮೆದುಳಿನಿಂದ ಹೊರಬರುವ ಗುಳ್ಳೆ

ಸುಮಾರು 22ನೇ ದಿನ. ನೀಲಿ ಹಲಗೆ ಇನ್ನೂ ನಾಳವಾಗಿ ಮುಚ್ಚಿರುವುದಿಲ್ಲ. ಆಗಲೇ ಎರಡೂ ಬದಿಯಲ್ಲಿ ಒಂದೊಂದು ಸಣ್ಣ ಗುಳಿ ಬೀಳುತ್ತದೆ. ನಾಳ ಮುಚ್ಚುತ್ತಿದ್ದಂತೆ ಆ ಗುಳಿಗಳು ಹೊರಕ್ಕೆ ಉಬ್ಬಿ ಗುಳ್ಳೆಗಳಾಗುತ್ತವೆ. ಆಪ್ಟಿಕ್ ವೆಸಿಕಲ್ ಅಂದರೆ ಈ ಗುಳ್ಳೆ.

ಎರಡನೇ ಚಿತ್ರದಲ್ಲಿ ತಲೆಯನ್ನು ಅಡ್ಡಕ್ಕೆ ಕೊಯ್ದ ಹಾಗೆ ಬರೆಯಿರಿ. ನಡುವೆ ಟೊಳ್ಳಾದ ನೀಲಿ ನಾಳ. ಎರಡು ಬದಿಗೂ ಅದರಿಂದಲೇ ಹೊರಟ ನೀಲಿ ಗುಳ್ಳೆ, ಒಂದು ತೊಟ್ಟಿನ ಮೂಲಕ ಸೇರಿಕೊಂಡಿದೆ. ಇದೆಲ್ಲದರ ಹೊರಗೆ ತೆಳ್ಳಗಿನ ಕೆಂಪು ಗೆರೆ. ನೀಲಿಗೂ ಕೆಂಪಿಗೂ ನಡುವೆ ಅಲ್ಲಲ್ಲಿ ಹಳದಿ ಚುಕ್ಕಿ. ಗುಳ್ಳೆಯ ಒಳಗಿನ ಟೊಳ್ಳು ಮೆದುಳಿನ ಟೊಳ್ಳಿನ ಜೊತೆ ಸೇರಿಯೇ ಇರುವುದನ್ನು ಚಿತ್ರದಲ್ಲಿ ಸ್ಪಷ್ಟವಾಗಿ ತೋರಿಸಿ. ಮುಂದೆ ಇದು ಬೇಕಾಗುತ್ತದೆ.

ಈ ಗುಳ್ಳೆಯೇ ಮುಂದೆ ರೆಟಿನಾ, ಅಂದರೆ ಕಣ್ಣಿನೊಳಗೆ ಬೆಳಕು ಹಿಡಿಯುವ ಪರದೆ. ಅದು ಮೆದುಳಿನದೇ ಭಾಗ ಅಂತ ಹೇಳುವುದು ಬರೀ ಮಾತಿಗಲ್ಲ. ಈ ಚಿತ್ರದಲ್ಲಿ ಎರಡರ ನಡುವೆ ಒಂದು ಗಡಿ ಗೆರೆ ಎಳೆಯಲು ನೋಡಿ, ಆಗುವುದಿಲ್ಲ.

ಹಂತ 3: ಗುಳ್ಳೆ ಒಳಕ್ಕೆ ಮಡಚಿ ಬಟ್ಟಲಾಗುವುದು

ಇದೇ ಇಡೀ ಕಲಿಕೆಯ ಹೃದಯ. ಇಲ್ಲಿ ಅವಸರ ಬೇಡ.

ಸುಮಾರು 28ನೇ ದಿನದ ಹೊತ್ತಿಗೆ ನೀಲಿ ಗುಳ್ಳೆ ಕೆಂಪು ಪದರಕ್ಕೆ ಹತ್ತಿಕೊಂಡಿರುತ್ತದೆ. ತಾಗಿದ ಜಾಗದಲ್ಲಿ ಕೆಂಪು ಪದರ ದಪ್ಪಗಾಗುತ್ತದೆ. ಲೆನ್ಸ್ ಪ್ಲ್ಯಾಕೋಡ್ ಅಂದರೆ ಈ ದಪ್ಪ ತುಣುಕು. ಆಮೇಲೆ ಎರಡೂ ಒಟ್ಟಿಗೆ ಒಳಕ್ಕೆ ಬಾಗುತ್ತವೆ. ಕೆಂಪು ತುಣುಕು ಗುಳಿಯಾಗಿ, ಚೀಲವಾಗಿ, 5ನೇ ವಾರದಲ್ಲಿ ಚರ್ಮದಿಂದ ಕಳಚಿ ಒಂದು ಟೊಳ್ಳು ಗೋಲಿಯಾಗುತ್ತದೆ. ನೀಲಿ ಗುಳ್ಳೆ ಎರಡು ಗೋಡೆಯ ಬಟ್ಟಲಾಗುತ್ತದೆ.

ಎರಡು ಗೋಡೆ ಹೇಗೆ ಬಂತು ಅಂತ ಅರ್ಥವಾಗಲು, ಅರ್ಧ ಗಾಳಿ ಇಳಿದ ರಬ್ಬರ್ ಚೆಂಡನ್ನು ತೆಗೆದುಕೊಂಡು ಒಂದು ಬದಿಯಿಂದ ಹೆಬ್ಬೆರಳಿನಲ್ಲಿ ಒತ್ತಿ. ಒತ್ತಿದ ಗೋಡೆ ಒಳಗೆ ಹೋಗಿ ಎದುರಿನ ಗೋಡೆಗೆ ಹತ್ತಿರ ಬರುತ್ತದೆ. ಎರಡೂ ಗೋಡೆ ತಾಗುತ್ತವೆ, ಆದರೆ ಅಂಟಿಕೊಳ್ಳುವುದಿಲ್ಲ. ನಡುವೆ ಉಳಿದ ಜಾಗ ಚೆಂಡಿನೊಳಗಿದ್ದ ಹಳೆಯ ಟೊಳ್ಳೇ. ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ನಿಜವಾದ ಕಣ್ಣಿನಲ್ಲಿ ಲೆನ್ಸ್ ಯಾರನ್ನೂ ತಳ್ಳುವುದಿಲ್ಲ. ನೀಲಿ ಪದರ ತಾನಾಗಿಯೇ ಬಾಗಬಲ್ಲದು. 2011ರಲ್ಲಿ ಜಪಾನಿನ ಯೋಶಿಕಿ ಸಾಸಾಯ್ ಅವರ ತಂಡ ಇಲಿಯ ಆಕರಕೋಶಗಳನ್ನು ಪಾತ್ರೆಯಲ್ಲಿ ಬೆಳೆಸಿದಾಗ, ಲೆನ್ಸ್ ಇಲ್ಲದೆಯೇ ಇಂಥ ಬಟ್ಟಲುಗಳು ಮೂಡಿದವು.

ಹಾಗಾದರೆ ನೀಲಿಗೂ ಕೆಂಪಿಗೂ ಸಂಬಂಧವೇ ಇಲ್ಲವೇ? ಇದೆ, ಆದರೆ ಬೇರೆ ದಿಕ್ಕಿನದು. 1901ರಲ್ಲಿ ಜರ್ಮನಿಯ ಹಾನ್ಸ್ ಶ್ಪೇಮಾನ್ ಕಪ್ಪೆಯ ಭ್ರೂಣದಲ್ಲಿ ಒಂದು ಬದಿಯ ಕಣ್ಣಿನ ಮೊಳಕೆಯನ್ನು ಕಾದ ಸೂಜಿಯಿಂದ ಸುಟ್ಟರು. ಮೇಲಿನ ಚರ್ಮವನ್ನು ಮುಟ್ಟಲಿಲ್ಲ. ಆ ಬದಿಯಲ್ಲಿ ಲೆನ್ಸ್ ಬೆಳೆಯಲಿಲ್ಲ. ಚರ್ಮಕ್ಕೆ ಲೆನ್ಸ್ ಆಗಲು ಕೆಳಗಿನಿಂದ ಸೂಚನೆ ಬೇಕು ಅಂತ ಇದರಿಂದ ತಿಳಿಯಿತು. ಮುಂದಿನ ಪ್ರಯೋಗಗಳು ಕಥೆಯನ್ನು ಇನ್ನಷ್ಟು ಗೋಜಲಾಗಿಸಿವೆ. ಚರ್ಮ ಇದಕ್ಕೆ ಮೊದಲೇ ಸ್ವಲ್ಪ ತಯಾರಾಗಿರಬೇಕು, ಗುಳ್ಳೆಯೊಂದೇ ಸಾಲದು. ಆದರೂ ಆ ಸೂಜಿಯ ಪ್ರಯೋಗ ನನಗೆ ಇವತ್ತಿಗೂ ಇಷ್ಟ. ಕೇಳಿದ ಪ್ರಶ್ನೆ ಒಂದೇ, ಉತ್ತರವೂ ಕಣ್ಣೆದುರೇ.

ಈಗ ಮೂರನೇ ಚಿತ್ರ ಬರೆಯಿರಿ. ನೀಲಿ ಬಟ್ಟಲಿನ ಹೊರಗೋಡೆ ತೆಳ್ಳಗೆ, ಒಳಗೋಡೆ ದಪ್ಪಗೆ. ಬಟ್ಟಲಿನ ಬಾಯಲ್ಲಿ ಕೆಂಪು ಗೋಲಿ. ಅದರ ಮುಂದೆ ಮತ್ತೆ ಕೂಡಿಕೊಂಡ ಕೆಂಪು ಗೆರೆ. ಹಿಂದೆ ಮೆದುಳಿಗೆ ಹೋಗುವ ನೀಲಿ ತೊಟ್ಟು. ಇಷ್ಟು ಬರೆದು ಹೆಸರು ಹಾಕಿ.

ಹೊರಗೋಡೆ ಒಂದೇ ಸಾಲಿನ ಕಪ್ಪು ಪದರವಾಗುತ್ತದೆ. ರೆಟಿನಾದ ಬಣ್ಣದ ಪದರ ಅಂದರೆ ಇದೇ. ಒಳಗೋಡೆ ಬೆಳಕು ಹಿಡಿಯುವ ರೆಟಿನಾ. ಬಟ್ಟಲಿನ ಅಂಚು ಮುಂದೆ ಬೆಳೆದು ಐರಿಸ್‌ನ ಹಿಂಬದಿಯ ಪದರವೂ, ಲೆನ್ಸನ್ನು ಹಿಡಿದಿಡುವ ಸಿಲಿಯರಿ ಬಾಡಿಯ ಹೊದಿಕೆಯೂ ಆಗುತ್ತದೆ. ತೊಟ್ಟು ಕಣ್ಣಿನ ನರಕ್ಕೆ ದಾರಿ. ಕೆಂಪು ಗೋಲಿ ಲೆನ್ಸ್. ಮುಂದಿನ ಕೆಂಪು ಗೆರೆ ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಗಾಜಿನಂಥ ಭಾಗದ, ಮೇಲ್ಪದರ.

ಇಷ್ಟಾದ ಮೇಲೆ ಚಿತ್ರ ನೋಡಿ ಮೂರು ವಿಷಯ ನೀವೇ ಬಿಡಿಸಬಹುದು.

ರೆಟಿನಾ ಕಳಚುವ ಕಾಯಿಲೆ ಇದೆ ಅಲ್ವಾ? ಅದರಲ್ಲಿ ಕಳಚುವುದು ಬಣ್ಣದ ಪದರಕ್ಕೂ ಬೆಳಕು ಹಿಡಿಯುವ ಪದರಕ್ಕೂ ನಡುವೆ. ಅಂದರೆ ಆ ಹಳೆಯ ಟೊಳ್ಳಿನ ಜಾಗದಲ್ಲೇ. ಅರವತ್ತು ವರ್ಷದವರ ಕಣ್ಣಿನಲ್ಲಿ ಬಿಟ್ಟುಕೊಳ್ಳುವುದು ಭ್ರೂಣದ 5ನೇ ವಾರದಲ್ಲಿ ಹತ್ತಿರ ಬಂದ ಎರಡು ಗೋಡೆಗಳು.

ಬೆಳಕು ರೆಟಿನಾದ ಎಲ್ಲ ಪದರ ದಾಟಿ ಹೋದಮೇಲೆ ಕಡೆಗೆ ಬೆಳಕು ಹಿಡಿಯುವ ರಾಡ್, ಕೋನ್ ಕೋಶಗಳಿಗೆ ತಲುಪುತ್ತದೆ. ತಿರುಗಾಮುರುಗಾ ಜೋಡಿಸಿದ ಹಾಗೆ ಕಾಣುತ್ತದೆ. ಚಿತ್ರ ನೋಡಿ. ಈ ಕೋಶಗಳು ಬೆಳೆಯುವುದು ನರನಾಳದ ಟೊಳ್ಳಿನ ಕಡೆಗೆ ಮುಖ ಮಾಡಿದ ಬದಿಯಲ್ಲಿ. ಮಡಚಿದ ಮೇಲೆ ಆ ಬದಿ ಕಣ್ಣಿನ ಹಿಂದಕ್ಕೆ, ಬಣ್ಣದ ಪದರದ ಕಡೆಗೆ ತಿರುಗಿಬಿಟ್ಟಿದೆ.

ಇನ್ನು ಕುರುಡು ಚುಕ್ಕೆ. ನರದ ಎಳೆಗಳು ರೆಟಿನಾದ ಒಳಮುಖದ ಮೇಲೆ ಹರಿಯುತ್ತವೆ. ಮೆದುಳಿಗೆ ಹೋಗಬೇಕಾದರೆ ತೊಟ್ಟಿನ ಹತ್ತಿರ ಒಟ್ಟಾಗಿ ಆಚೆ ಇಳಿಯಬೇಕು. ಅವು ಇಳಿಯುವ ಜಾಗದಲ್ಲಿ ಬೆಳಕು ಹಿಡಿಯುವ ಕೋಶ ಇರಲು ಸಾಧ್ಯವಿಲ್ಲ.

ಹಂತ 4: ಕೆಳಗಿನ ಸೀಳು

ಇಲ್ಲಿ ರಬ್ಬರ್ ಚೆಂಡು ಕೈಕೊಡುತ್ತದೆ. ಮುಂದಿನಿಂದ ಒತ್ತಿದರೆ ಬಟ್ಟಲು ಆಗುತ್ತದೆ ನಿಜ, ಆದರೆ ನಿಜವಾದ ಬಟ್ಟಲಿನ ಕೆಳಬದಿ ಪೂರ್ತಿ ಮುಚ್ಚಿರುವುದಿಲ್ಲ. ಮಡಿಕೆ ಬಟ್ಟಲಿನ ಬಾಯಿಯಿಂದ ಶುರುವಾಗಿ ಕೆಳಭಾಗದುದ್ದಕ್ಕೂ, ತೊಟ್ಟಿನವರೆಗೂ ಹೋಗುತ್ತದೆ. ಹಾಗಾಗಿ ಕೆಳಗೆ ಒಂದು ಸೀಳು ಉಳಿಯುತ್ತದೆ. ನಾಲ್ಕನೇ ಚಿತ್ರದಲ್ಲಿ ಬಟ್ಟಲನ್ನು ಕೆಳಗಿನಿಂದ ನೋಡಿದ ಹಾಗೆ ಬರೆದು ಆ ಸೀಳನ್ನು ತೋರಿಸಿ.

ಸೀಳು ತಪ್ಪಿನಿಂದ ಆದದ್ದಲ್ಲ. ಬೆಳೆಯುತ್ತಿರುವ ಕಣ್ಣಿನೊಳಕ್ಕೆ ರಕ್ತ ಹೋಗಬೇಕು. ಹಯಲಾಯ್ಡ್ ಅಪಧಮನಿ ಈ ಸೀಳಿನ ಮೂಲಕವೇ ಒಳನುಗ್ಗಿ, ಬಟ್ಟಲಿನ ನಡುವೆ ಹಾದು, ಲೆನ್ಸ್‌ನ ಬೆನ್ನಿಗೆ ತಲುಪಿ ಅದನ್ನು ಜಾಲದ ಹಾಗೆ ಸುತ್ತಿಕೊಳ್ಳುತ್ತದೆ. ಸೀಸದ ಪೆನ್ಸಿಲ್ ತೆಗೆದು ಬರೆಯಿರಿ. ನರದ ಎಳೆಗಳಿಗೂ ಹೊರಹೋಗಲು ಇದೇ ಕಡೆಯಿಂದ ದಾರಿ.

5ನೇ ವಾರದಿಂದ 7ನೇ ವಾರದೊಳಗೆ ಸೀಳು ಮುಚ್ಚುತ್ತದೆ. ನಡುವಿನಲ್ಲಿ ಶುರುವಾಗಿ ಮುಂದಕ್ಕೂ ಹಿಂದಕ್ಕೂ ಕೂಡಿಕೊಳ್ಳುತ್ತಾ ಹೋಗುತ್ತದೆ. ಅಪಧಮನಿ ತೊಟ್ಟಿನೊಳಗೆ ಸೆರೆಯಾಗುತ್ತದೆ. ಹುಟ್ಟಿದ ಮೇಲೆ ಕಣ್ಣಿನ ನರದ ನಡುವೆ ರಕ್ತನಾಳ ಬರುವುದು ಈ ಕಾರಣಕ್ಕೆ.

ಮುಚ್ಚದೇ ಹೋದರೆ ಕೊಲೊಬೋಮಾ. ದೋಷ ಬಹುಪಾಲು ಕೆಳಗೆ, ಮೂಗಿನ ಕಡೆಗೆ ಸ್ವಲ್ಪ ವಾಲಿಕೊಂಡೇ ಇರುತ್ತದೆ, ಯಾಕೆಂದರೆ ಸೀಳು ಇದ್ದದ್ದು ಅಲ್ಲೇ. ಮುಂದಿನ ತುದಿ ಕೂಡಿಕೊಳ್ಳದಿದ್ದರೆ ಐರಿಸ್‌ನಲ್ಲಿ ಬಿರುಕು, ಪಾಪೆ ಕೆಳಕ್ಕೆ ಇಳಿಬಿದ್ದ ಹಾಗೆ ಕಾಣುತ್ತದೆ. ಹಿಂದಿನ ತುದಿ ಉಳಿದರೆ ರೆಟಿನಾ, ಅದರ ಹಿಂದಿನ ರಕ್ತನಾಳದ ಪದರ ಇಲ್ಲವೇ ನರದಲ್ಲಿ. ಐರಿಸ್‌ನ ಬಿರುಕು ಹೊರಗೆ ಕಾಣುತ್ತದೆ, ಆದರೆ ಅದೊಂದೇ ಇದ್ದರೆ ನೋಟಕ್ಕೆ ದೊಡ್ಡ ತೊಂದರೆ ಇರಲಿಕ್ಕಿಲ್ಲ. ಹಿಂದಿನದು ಹೊರಗೆ ಕಾಣುವುದಿಲ್ಲ, ನೋಟಕ್ಕೆ ಹೊಡೆತ ಕೊಡುವುದು ಅದೇ. ಅದಕ್ಕೇ ಐರಿಸ್‌ನಲ್ಲಿ ಬಿರುಕು ಕಂಡ ಮಗುವಿಗೆ ಡಾಕ್ಟರು ಪಾಪೆ ಹಿಗ್ಗಿಸುವ ಹನಿ ಹಾಕಿ ಹಿಂಭಾಗ ನೋಡದೆ ಬಿಡುವುದಿಲ್ಲ. ಕೆಲವು ಮಕ್ಕಳಲ್ಲಿ ಇದರ ಜೊತೆ ಮೂತ್ರಪಿಂಡ, ಹೃದಯ, ಕಿವಿಯ ತೊಂದರೆಯೂ ಇರುವುದರಿಂದ ಆ ತಪಾಸಣೆಗಳನ್ನೂ ಹೇಳಬಹುದು. ಕಣ್ಣು ತೋರಿಸಲು ಬಂದರೆ ಕಿಡ್ನಿ ಸ್ಕ್ಯಾನ್ ಯಾಕೆ ಅಂತ ಸಿಟ್ಟಾಗಬೇಡಿ.

ಹಂತ 5: ಲೆನ್ಸ್ ತುಂಬಿಕೊಳ್ಳುವುದು

ಕೆಂಪು ಗೋಲಿ ಇನ್ನೂ ಟೊಳ್ಳು. ಹಿಂಬದಿಯ ಗೋಡೆಯ ಕೋಶಗಳು ಉದ್ದಕ್ಕೆ ಬೆಳೆಯುತ್ತಾ ಮುಂದಿನ ಗೋಡೆಯನ್ನು ಮುಟ್ಟುತ್ತವೆ. 7ನೇ ವಾರದ ಹೊತ್ತಿಗೆ ಟೊಳ್ಳು ತುಂಬಿಹೋಗುತ್ತದೆ. ಮುಂಬದಿಯ ಕೋಶಗಳು ಮಾತ್ರ ಒಂದು ಸಾಲಾಗಿ ಹಾಗೇ ಉಳಿಯುತ್ತವೆ. ಅಲ್ಲಿಂದ ಮುಂದೆ ಹೊಸ ಎಳೆಗಳೆಲ್ಲ ಲೆನ್ಸ್‌ನ ಸುತ್ತಳತೆಯ ಅಂಚಿನಲ್ಲಿ ಹುಟ್ಟಿ ಹಳೆಯವುಗಳ ಮೇಲೆ ಪದರ ಪದರವಾಗಿ ಕೂರುತ್ತವೆ. ಈ ಕೆಲಸ ಜೀವನಪೂರ್ತಿ ನಿಲ್ಲುವುದಿಲ್ಲ. ಹಳೆಯದು ಯಾವುದೂ ಉದುರುವುದೂ ಇಲ್ಲ. ಹಾಗಾಗಿ ಮುದುಕರ ಲೆನ್ಸ್‌ನ ನಟ್ಟನಡುವೆ ಇರುವುದು ಅವರು ಹುಟ್ಟುವ ಮೊದಲೇ ತಯಾರಾದ ಎಳೆಗಳು.

ಎಳೆಗಳ ತುದಿಗಳು ಸೇರುವ ಕಡೆ ಗೆರೆ ಮೂಡುತ್ತದೆ. ಮುಂದೆ ವೈ ಅಕ್ಷರದ ಆಕಾರ, ಹಿಂದೆ ಅದೇ ಅಕ್ಷರ ತಲೆಕೆಳಗು. ಕಣ್ಣಿನ ಡಾಕ್ಟರ ಮೈಕ್ರೋಸ್ಕೋಪಿನಲ್ಲಿ ಇದು ದೊಡ್ಡವರಲ್ಲೂ ಕಾಣುತ್ತದೆ. ಹುಟ್ಟುವಾಗಲೇ ಬಂದ ಕಣ್ಣಿನ ಪೊರೆ ಯಾವ ಪದರದಲ್ಲಿದೆ ಅಂತ ನೋಡಿ, ತೊಂದರೆ ಸುಮಾರು ಯಾವ ಹೊತ್ತಿನಲ್ಲಿ ಆಗಿರಬಹುದು ಅಂತ ಅವರು ಅಂದಾಜು ಮಾಡುವುದುಂಟು.

ರುಬೆಲ್ಲಾ ಅನ್ನುವ ವೈರಸ್ ಸೋಂಕಿನ ಮಾತು ಬರಬೇಕಾದದ್ದು ಇಲ್ಲೇ. 1941ರಲ್ಲಿ ಆಸ್ಟ್ರೇಲಿಯಾದ ಕಣ್ಣಿನ ಡಾಕ್ಟರ್ ನಾರ್ಮನ್ ಗ್ರೆಗ್, ಪೊರೆ ಇಟ್ಟುಕೊಂಡೇ ಹುಟ್ಟಿದ 78 ಮಕ್ಕಳ ವಿವರ ಪ್ರಕಟಿಸಿದರು. ಬಹುಪಾಲು ತಾಯಂದಿರಿಗೆ ಬಸಿರಿನ ಶುರುವಿನ ದಿನಗಳಲ್ಲಿ ರುಬೆಲ್ಲಾ ಬಂದು ಹೋಗಿತ್ತು. ಗರ್ಭದೊಳಗಿನ ಮಗುವನ್ನು ಹೊರಗಿನ ಸೋಂಕು ಹೀಗೆ ಕೆಡಿಸಬಲ್ಲದು ಅಂತ ಆಗ ಹೆಚ್ಚಿನವರು ನಂಬಿರಲಿಲ್ಲ. ಚಿತ್ರದ ಪಕ್ಕದಲ್ಲಿ ವಾರಗಳನ್ನು ಬರೆದಿದ್ದೀರಲ್ಲ, ಈಗ ನೋಡಿ. ಲೆನ್ಸ್ ಕಟ್ಟಿಕೊಳ್ಳುವ ಹೊತ್ತಿಗೆ ಎಷ್ಟೋ ಜನರಿಗೆ ತಾವು ಬಸಿರು ಅಂತಲೇ ಖಾತ್ರಿಯಾಗಿರುವುದಿಲ್ಲ. ಆದ್ದರಿಂದಲೇ ರುಬೆಲ್ಲಾ ಲಸಿಕೆಯನ್ನು ಬಸಿರಾಗುವುದಕ್ಕೆ ಕನಿಷ್ಠ ಒಂದು ತಿಂಗಳು ಮೊದಲೇ ಹಾಕಿಸಿಕೊಳ್ಳಬೇಕು. ಬಸಿರಿನಲ್ಲಿ ಅದನ್ನು ಕೊಡುವುದಿಲ್ಲ.

ಹಂತ 6: ಹಳದಿ ಪೆನ್ಸಿಲ್ ಎತ್ತಿಕೊಳ್ಳಿ

ಇಲ್ಲಿಯವರೆಗೆ ಹಳದಿ ಬರೀ ಚುಕ್ಕಿಗಳಾಗಿತ್ತು. ಲೆನ್ಸ್ ಚರ್ಮದಿಂದ ಕಳಚಿದ ಕೂಡಲೇ ಅದರ ಮುಂದೆ ಜಾಗ ಖಾಲಿಯಾಗುತ್ತದೆ. ಹಳದಿ ಕೋಶಗಳು ಅಲೆ ಅಲೆಯಾಗಿ ಅಲ್ಲಿಗೆ ನುಗ್ಗುತ್ತವೆ. ಒಂದು ಅಲೆ ಕಾರ್ನಿಯಾದ ಒಳಪದರ ಕಟ್ಟುತ್ತದೆ. ಇನ್ನೊಂದು ಕಾರ್ನಿಯಾದ ದಪ್ಪನೆಯ ನಡುಭಾಗ. ಮತ್ತೊಂದು ಐರಿಸ್‌ನ ಮುಂಬದಿ. ಹಾಗಾಗಿ ಕಾರ್ನಿಯಾ ನೋಡಲು ಒಂದೇ ಗಾಜಿನ ಹಾಗಿದ್ದರೂ ಬಣ್ಣ ಎರಡು, ಮೇಲ್ಪದರ ಕೆಂಪು, ಉಳಿದದ್ದು ಹಳದಿ. ಕಣ್ಣಿನ ಬಿಳಿ ಭಾಗವೂ ಬಹುತೇಕ ಹಳದಿಯೇ. ಕಣ್ಣೊಳಗಿನ ದ್ರವ (ಕಣ್ಣೀರಲ್ಲ) ಹೊರಹೋಗುವ ಕಾರ್ನಿಯಾ ಮೂಲೆಯ ಜಾಲರಿಯೂ ಹಳದಿ. ಅದು ಸರಿಯಾಗಿ ಬೆಳೆಯದಿದ್ದರೆ ಒತ್ತಡ ಏರಿ ಹುಟ್ಟು ಗ್ಲಾಕೋಮಾ ಬರುತ್ತದೆ.

ಐರಿಸ್ ಹತ್ತಿರ ಬಂದಾಗ ಎಚ್ಚರ, ಪರೀಕ್ಷೆಯಲ್ಲಿ ಜನ ಎಡವುವುದು ಇಲ್ಲೇ. ಮುಂಬದಿ ಹಳದಿ, ಹಿಂಬದಿ ನೀಲಿ. ಪಾಪೆಯನ್ನು ಕಿರಿದು ಮಾಡುವ, ಹಿಗ್ಗಿಸುವ ಎರಡು ಸ್ನಾಯುಗಳು? ಅವು ನೀಲಿ. ಬಟ್ಟಲಿನ ಅಂಚಿನಿಂದಲೇ ಬಂದವು. ದೇಹದ ಹೆಚ್ಚಿನ ಸ್ನಾಯುಗಳು ಬರುವುದು ಮೀಸೋಡರ್ಮ್‌ನಿಂದ. ನರಪದರದಿಂದ ಸ್ನಾಯು ಆಗುವುದು ವಿಚಿತ್ರವೇ. ಆದರೆ ಪಕ್ಕದಲ್ಲೇ ಇರುವ, ಲೆನ್ಸ್‌ನ ಫೋಕಸ್ ಬದಲಿಸುವ ಸಿಲಿಯರಿ ಸ್ನಾಯು ಹಳದಿ. ಇಲ್ಲಿ ಮಾತ್ರ ಸುಮ್ನೆ ನೆನಪಿಟ್ಟುಕೊಳ್ಳಬೇಕು, ಬೇರೆ ದಾರಿ ಇಲ್ಲ.

ಐರಿಸ್‌ನ ಬಣ್ಣ ಹೆಚ್ಚಾಗಿ ಮುಂಬದಿಯ ಹಳದಿ ಭಾಗದಲ್ಲಿ ಎಷ್ಟು ಮೆಲನಿನ್ ಇದೆ ಅನ್ನುವುದರ ಮೇಲೆ ನಿಂತಿದೆ. ಅದು ಹುಟ್ಟಿದ ಮೇಲೂ ತಿಂಗಳುಗಟ್ಟಲೆ ತುಂಬಿಕೊಳ್ಳುತ್ತದೆ. ಹುಟ್ಟಿದಾಗ ತಿಳಿಯಾಗಿದ್ದ ಕಣ್ಣು ಬರಬರುತ್ತಾ ಗಾಢವಾಗುವುದಕ್ಕೆ ಇದೇ ಕಾರಣ.

ಹಂತ 7: ರೆಪ್ಪೆ, ಕಣ್ಣೀರಿನ ದಾರಿ

ಬೇಗ ಮುಗಿಸೋಣ. 7ನೇ ವಾರದ ಆಸುಪಾಸಿನಲ್ಲಿ ಮೇಲೆ ಕೆಳಗೆ ಚರ್ಮದ ಮಡಿಕೆಗಳು ಎದ್ದು, 10ನೇ ವಾರದ ಹೊತ್ತಿಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಂಟಿಕೊಂಡಿರುವಾಗಲೇ ರೆಪ್ಪೆಗೂದಲು, ರೆಪ್ಪೆಯ ಗ್ರಂಥಿಗಳು ಬೆಳೆಯುತ್ತವೆ. ಮತ್ತೆ ತೆರೆದುಕೊಳ್ಳುವುದು ಆರು, ಏಳನೇ ತಿಂಗಳಲ್ಲಿ. ತೀರಾ ಮುಂಚೆ ಹುಟ್ಟಿದ ಮಗುವಿನ ರೆಪ್ಪೆ ಇನ್ನೂ ಅಂಟಿಕೊಂಡೇ ಇದ್ದರೆ ಅದು ದೋಷವಲ್ಲ. ಬಲವಂತವಾಗಿ ಬಿಡಿಸಬಾರದು, ತಾನಾಗಿ ತೆರೆಯುತ್ತದೆ.

ಕಣ್ಣೀರು ಮೂಗಿಗೆ ಇಳಿಯುವ ನಾಳ ಮೊದಲು ಗಟ್ಟಿ ಎಳೆಯಾಗಿದ್ದು ಆಮೇಲೆ ಟೊಳ್ಳಾಗುತ್ತದೆ. ಮೂಗಿನ ಕಡೆಯ ತುದಿ ತೆರೆಯುವುದು ಕಟ್ಟಕಡೆಗೆ, ಹುಟ್ಟುವ ಹೊತ್ತಿಗೆ. ತಡವಾದರೆ ಮಗುವಿನ ಕಣ್ಣಲ್ಲಿ ಸದಾ ನೀರು, ಪಿಸುರು. ಬಹುಪಾಲು ಮಕ್ಕಳಿಗೆ ಮೊದಲ ವರ್ಷದೊಳಗೆ ತಾನೇ ಸರಿಹೋಗುತ್ತದೆ. ಮೂಗಿನ ಬದಿ ಒತ್ತಿ ಮಸಾಜ್ ಮಾಡುವುದನ್ನು ಡಾಕ್ಟರು ತೋರಿಸಿಕೊಡುತ್ತಾರೆ. ಆದರೆ ನೀರಿನ ಜೊತೆಗೆ ಕಾರ್ನಿಯಾ ಮಂಜಾಗಿದ್ದರೆ, ಕಣ್ಣು ಎಂದಿಗಿಂತ ದೊಡ್ಡದು ಅನಿಸಿದರೆ, ಬೆಳಕು ಕಂಡರೆ ಮಗು ಮುಖ ತಿರುಗಿಸುತ್ತಿದ್ದರೆ, ನಾಳ ಕಟ್ಟಿದೆ ಅಂತ ಮನೆಯಲ್ಲೇ ತೀರ್ಮಾನಿಸಿ ಕೂರಬೇಡಿ. ಅದು ಗ್ಲಾಕೋಮಾ ಇರಬಹುದು, ಕೂಡಲೇ ತೋರಿಸಿ.

ಹಂತ 8: ಕೊನೆಯ ತಿಂಗಳುಗಳು

ಇಲ್ಲಿಂದ ಆಸ್ಪತ್ರೆಯ ಲೆಕ್ಕ.

ರೂಪ ಬಂದಾಯಿತು, ಇನ್ನು ಒಳಗಿನ ಕೆಲಸ. ರೆಟಿನಾದಲ್ಲಿ ಮೊದಲು ಹುಟ್ಟುವುದು ಗ್ಯಾಂಗ್ಲಿಯಾನ್ ಕೋಶಗಳು, ಮೆದುಳಿಗೆ ತಂತಿ ಎಳೆಯುವವು. ಕೋನ್‌ಗಳೂ ಬೇಗ ಬರುತ್ತವೆ, ರಾಡ್ ಮತ್ತು ನಡುವೆ ಸಂದೇಶ ದಾಟಿಸುವ ಬೈಪೋಲಾರ್ ಕೋಶಗಳು ತಡವಾಗಿ. ಬೆಳೆದ ಕಣ್ಣಿನ ನರದಲ್ಲಿ ಸುಮಾರು 12 ಲಕ್ಷ ಎಳೆಗಳಿರುತ್ತವೆ. ಗರ್ಭದ ನಡುಭಾಗದಲ್ಲಿ ಇದರ ದುಪ್ಪಟ್ಟಿಗಿಂತ ಜಾಸ್ತಿ ಇದ್ದವು. ಜಾಸ್ತಿ ಮಾಡಿ, ಸರಿಯಾದ ಕಡೆ ತಲುಪದವನ್ನು ಕಳೆಯುವುದು ನರಮಂಡಲದ ರೀತಿ.

ಲೆನ್ಸ್ ಸುತ್ತಿಕೊಂಡಿದ್ದ ರಕ್ತನಾಳಗಳನ್ನು ಈಗ ತೆಗೆಯಬೇಕು, ಇಲ್ಲದಿದ್ದರೆ ಬೆಳಕಿಗೆ ಅಡ್ಡ. ಹಯಲಾಯ್ಡ್ ಅಪಧಮನಿಯ ಮುಂದಿನ ಭಾಗ ಕರಗುತ್ತದೆ, ಹಿಂದಿನ ಭಾಗ ರೆಟಿನಾದ ಮುಖ್ಯ ಅಪಧಮನಿಯಾಗಿ ಉಳಿಯುತ್ತದೆ. ಚಿತ್ರದಲ್ಲಿ ಮುಂದಿನ ಭಾಗವನ್ನು ರಬ್ಬರ್‌ನಿಂದ ಅಳಿಸಿ. ಲೆನ್ಸ್‌ನ ಮುಂಬದಿಯ ಜಾಲ ಸುಮಾರು 27ರಿಂದ 34ನೇ ವಾರದೊಳಗೆ ಹಂತಹಂತವಾಗಿ ಮಾಯವಾಗುತ್ತದೆ. ಇದು ಎಷ್ಟು ಕ್ರಮಬದ್ಧವೆಂದರೆ, ಎಷ್ಟು ಜಾಲ ಉಳಿದಿದೆ ಅಂತ ನೋಡಿ ಬೇಗ ಹುಟ್ಟಿದ ಮಗು ಎಷ್ಟು ವಾರದ್ದು ಅಂತ ಅಂದಾಜು ಮಾಡಬಹುದು. ಕರಗದೆ ಉಳಿದರೆ ಕೆಲವರಲ್ಲಿ ಲೆನ್ಸ್‌ನ ಬೆನ್ನ ಮೇಲೆ ಒಂದು ಬಿಳಿ ಚುಕ್ಕೆ, ಅಷ್ಟೇ, ಏನೂ ತೊಂದರೆಯಿಲ್ಲ. ಪೂರ್ತಿ ಉಳಿದುಬಿಟ್ಟರೆ ಅದು ಗಂಭೀರ, ಪಾಪೆಯೇ ಬೆಳ್ಳಗೆ ಕಾಣಬಹುದು.

ರೆಟಿನಾದ ಸ್ವಂತ ರಕ್ತನಾಳಗಳು ಸುಮಾರು 16ನೇ ವಾರದಲ್ಲಿ ನರದ ತುದಿಯಿಂದ ಹೊರಟು ಅಂಚಿನ ಕಡೆಗೆ ತೆವಳುತ್ತವೆ. ಮೂಗಿನ ಕಡೆಯ ಅಂಚು ಮುಟ್ಟಲು ಸುಮಾರು 36ನೇ ವಾರವಾಗುತ್ತದೆ. ಕಿವಿಯ ಕಡೆಯ ಅಂಚು ದೂರ, ಅದಕ್ಕೆ ಹೆರಿಗೆಯ ದಿನವೇ ಹತ್ತಿರ ಬಂದಿರುತ್ತದೆ. 28 ವಾರಕ್ಕೇ ಹುಟ್ಟಿದ ಮಗುವಿನಲ್ಲಿ ಈ ಪ್ರಯಾಣ ಅರ್ಧದಲ್ಲಿದೆ. ಹೊರಗಿನ ಆಮ್ಲಜನಕ ಗರ್ಭದೊಳಗಿನದಕ್ಕಿಂತ ಜಾಸ್ತಿ, ನಾಳಗಳ ಬೆಳವಣಿಗೆ ನಿಲ್ಲುತ್ತದೆ. ಆಮೇಲೆ ನಾಳವಿಲ್ಲದ ರೆಟಿನಾ ಹಸಿದು ಕೂಗಿಕೊಂಡಾಗ ನಾಳಗಳು ಅಡ್ಡಾದಿಡ್ಡಿ ಬೆಳೆದು ರೆಟಿನಾವನ್ನೇ ಎಳೆಯಬಹುದು. ಆರ್‌ಒಪಿ (ರೆಟಿನೋಪತಿ ಆಫ್ ಪ್ರಿಮೆಚ್ಯೂರಿಟಿ) ಅನ್ನುವ ಕಾಯಿಲೆ ಇದು. 1940ರ ದಶಕದಲ್ಲಿ ದಿನ ತುಂಬದ ಮಕ್ಕಳಿಗೆ ಧಾರಾಳವಾಗಿ ಆಮ್ಲಜನಕ ಕೊಡುತ್ತಿದ್ದಾಗ ಸಾವಿರಾರು ಮಕ್ಕಳು ಕುರುಡಾದರು. ಕಾರಣ ಗಟ್ಟಿಯಾಗಿ ತಿಳಿದದ್ದು 1950ರ ದಶಕದಲ್ಲಿ. ಈಗ ಆಮ್ಲಜನಕವನ್ನು ಅಳೆದು ಕೊಡುತ್ತಾರೆ, ಹುಟ್ಟಿ ಸುಮಾರು 4 ವಾರಕ್ಕೆ ರೆಟಿನಾ ಪರೀಕ್ಷೆ ಮಾಡುತ್ತಾರೆ. ಬೇಗ ಹುಟ್ಟಿದ ಮಗು ಮನೆಗೆ ಬರುವಾಗ ಆ ಪರೀಕ್ಷೆಯ ದಿನಾಂಕ ಚೀಟಿಯಲ್ಲಿದೆಯೇ ನೋಡಿಕೊಳ್ಳಿ. ಮಗು ಚೆನ್ನಾಗಿ ಕಾಣುತ್ತಿದೆ ಅಂತ ತಪ್ಪಿಸಬೇಡಿ. ಲೇಸರ್ ಅಥವಾ ಇಂಜೆಕ್ಷನ್ ಉಪಯೋಗಕ್ಕೆ ಬರುವ ಅವಧಿ ಕೆಲವೇ ದಿನಗಳಲ್ಲಿ ದಾಟಿಹೋಗಬಹುದು.

ಸೂಕ್ಷ್ಮ ನೋಟದ ಗುಳಿ, ಫೋವಿಯಾ, ಆರನೇ ತಿಂಗಳಿನಲ್ಲಿ ತಗ್ಗಲು ಶುರುವಾಗಿ ಹುಟ್ಟಿದ ಮೇಲೂ ಕೆಲವು ವರ್ಷ ಮಾಗುತ್ತದೆ. ಕಣ್ಣುಗುಡ್ಡೆಯ ಉದ್ದ ಹುಟ್ಟಿದಾಗ ಸುಮಾರು 17 ಮಿಲಿಮೀಟರ್, ದೊಡ್ಡವರಲ್ಲಿ ಸುಮಾರು 24. ಎಳೆ ಮಗುವಿನ ನೋಟ ಮಸುಕಾಗಿರುವುದು ಸಹಜ. ಆದರೆ ಈ ತಿಂಗಳುಗಳಲ್ಲಿ ಬೆಳಕು ಒಳಹೋಗದಿದ್ದರೆ ಮೆದುಳು ಆ ಕಣ್ಣನ್ನು ಬಳಸುವುದನ್ನು ಕಲಿಯುವುದೇ ಇಲ್ಲ. ಹುಟ್ಟು ಪೊರೆಯ ಆಪರೇಷನ್ನನ್ನು ಮಗು ದೊಡ್ಡದಾಗಲಿ ಅಂತ ಮುಂದೂಡದೆ ಮೊದಲ ವಾರಗಳಲ್ಲೇ ಮಾಡುವುದು ಇದಕ್ಕೆ. ಫೋಟೋದಲ್ಲಿ ಒಂದು ಪಾಪೆ ಕೆಂಪಗೆ, ಇನ್ನೊಂದು ಬೆಳ್ಳಗೆ ಮತ್ತೆ ಮತ್ತೆ ಕಂಡರೂ ಅಷ್ಟೇ, ಆ ವಾರವೇ ತೋರಿಸಬೇಕು. ಪೊರೆ ಇರಬಹುದು, ರೆಟಿನಾದ ಗೆಡ್ಡೆಯೂ ಇರಬಹುದು.

ಚಿತ್ರ ಸರಿಯಿದೆಯೇ ನೋಡಿಕೊಳ್ಳಿ

ಪುಸ್ತಕ ಮುಚ್ಚಿ ಇನ್ನೊಂದು ಹಾಳೆಯಲ್ಲಿ ಬೆಳೆದ ಕಣ್ಣಿನ ಚಿತ್ರ ಬರೆದು, ನಾಲ್ಕು ಬಣ್ಣವನ್ನೂ ತುಂಬಿ. ಕಾರ್ನಿಯಾದಲ್ಲಿ ಎರಡು ಬಣ್ಣ, ಐರಿಸ್‌ನಲ್ಲಿ ಎರಡು ಬಣ್ಣ ಬರಬೇಕು. ಲೆನ್ಸ್ ಪೂರ್ತಿ ಕೆಂಪು. ರೆಟಿನಾ ಎರಡೂ ಪದರ ನೀಲಿ, ನಡುವೆ ಒಂದು ತೆಳು ಗೆರೆಯಷ್ಟು ಬಿಳಿ ಜಾಗ ಬಿಟ್ಟಿರಬೇಕು. ಬಿಳಿ ಭಾಗ ಹಳದಿ. ಕಣ್ಣು ತಿರುಗಿಸುವ ಸ್ನಾಯುಗಳು ಸೀಸದ ಪೆನ್ಸಿಲ್. ಸಿಲಿಯರಿ ಸ್ನಾಯುವಿಗೆ ನೀಲಿ ಹಾಕಿದ್ದರೆ ಹಂತ 6ನ್ನು ಇನ್ನೊಮ್ಮೆ ಓದಿ. ಕೊಲೊಬೋಮಾ ಎಲ್ಲಿ ಬರುತ್ತದೆ ಅಂತ ಬಾಣ ಹಾಕಿ ತೋರಿಸಿ, ಬಾಣ ಕೆಳಗಿನಿಂದ ಮೂಗಿನ ಕಡೆಯಿಂದ ಬರಬೇಕು. ಬಾಣ ಮೇಲಿನಿಂದ ಬಂದಿದ್ದರೆ ನಾಲ್ಕನೇ ಚಿತ್ರವನ್ನು ಹೊಸದಾಗಿ ಬರೆಯಿರಿ.